ಗಿಣ್ಣಾಲು ಮೊದ್ಲು ಯಾರ್ಗೆ?

ನಮ್ ನಾಗಮಂಗಲ, ಕೆ.ಆರ್.ಪೇಟೆ ಕಡೆ ಹಸ ಈದ್ರೆ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಮಾಡಿ ಬೀದಿಗೆಲ್ಲ ಹಂಚ್ತೀವಿ. ಪಕ್ಕದಟ್ಟೀಲಿ ತಾಯಿ ಸತ್ತ ಕುರಿಮರಿ ಬಾಯ್ಬಾಯ್ ಬುಡ್ತಿದ್ರೆ ಮಾತ್ರ ‘ಸಕ್ರೆ ನೀರು ಕುಡ್ಸಿ’ ಅಂತೀವಿ! ಇದ್ಯಾವ ನ್ಯಾಯ ಕಣ್ರವ್ವಾ?

ರೋಗ ತಡೆಯೋ ಶಕ್ತಿ ಮರೀಗೆ ಗಿಣ್ಣಾಲಿಂದ್ಲೇ ಬರ್ಬೇಕು. ಹುಟ್ಟಿದ 2 ಗಂಟೆ ಒಳ್ಗೆ ಕುಡುದ್ರೆ ಚೆಂದ. 24 ಗಂಟೆ ಕಳುದ್ರೆ ಕರುಳು ಆ ಶಕ್ತೀನ ಹೀರ್ಕಳಕಿಲ್ಲ. ತಾಯಿಲ್ದಿದ್ರೆ ಹಸೀನ ಗಿಣ್ಣಾಲೂ ಆಯ್ತದೆ. 2 ಕೇಜಿ ಮರೀಗೆ ಒಂದ್ಸಲಕ್ಕೆ 100 ಮಿಲಿ, ಅರ್ಧ ಲೋಟ. ನಮ್ ಕರೂಗೇನೂ ಕಮ್ಮಿಯಾಗಕಿಲ್ಲ ಬುಡಿ. ಉಗುರುಬೆಚ್ಚಗೆ ಮಾಡಿ, ಮರೀನ ನಿಲ್ಸ್ಕಂಡೇ ಕುಡ್ಸಿ. ಕುದ್ಸುದ್ರೆ ಅದು ಗಿಣ್ಣಾಗೇ ಹೋಯ್ತದೆ.

‘ಹಾಲು ಹೊರಗ್ ಕೊಟ್ರೆ ಹಸೀಗೆ ದೃಷ್ಟಿ’ ಅಂತಾರೆ ದೊಡ್ಡೋರು. ತಟ್ಟೆ ತುಂಬ ಗಿಣ್ಣು ಹಂಚ್ವಾಗ ಎತ್ಲಾಗೋಗಿತ್ತು ಆ ದೃಷ್ಟಿ?