ಪಂಚಾಂಗ ಕೇಳಿದ್ದಾಯಿತು, ಹೊನ್ನಾರು ಯಾವಾಗ?

ಹಳೇ ಮೈಸೂರಿನ ಅನೇಕ ಹಳ್ಳಿಗಳಲ್ಲಿ ಯುಗಾದಿಗೆ ಎರಡು ಕೆಲಸಗಳು ರೂಢಿಯಲ್ಲಿವೆ. ಗುಡಿಯ ಜಗುಲಿಯಲ್ಲಿ ಕುಳಿತು ಪಂಚಾಂಗ ಕೇಳುವುದು ಒಂದು. ಎತ್ತುಗಳನ್ನು ಸಿಂಗರಿಸಿ, ಹೊಲಕ್ಕೆ ಹೊಡೆದು, ವರ್ಷದ ಮೊದಲ ಸಾಲು ಉಳುವ ಹೊನ್ನಾರು ಇನ್ನೊಂದು. ಮಳೆ ಎಷ್ಟು, ಆದಾಯವೆಷ್ಟು, ವ್ಯಯವೆಷ್ಟು ಎಂದು ಪಂಚಾಂಗ ಹೇಳೀತು. ಆದರೆ ರಾಗಿ ಬೆಳೆಯುವುದು ಕೇಳಿದವನ ಹೊಲದಲ್ಲಲ್ಲ, ಉತ್ತವನ ಹೊಲದಲ್ಲಿ.

ನಾವು ಮಾಡುತ್ತಿರುವುದೇನು? ಜನವರಿ ಒಂದಕ್ಕೆ ಒಂದು ಸಂಕಲ್ಪ, ಯುಗಾದಿಗೆ ಇನ್ನೊಂದು, ಏಪ್ರಿಲ್ ಒಂದಕ್ಕೆ ಹೊಸ ಲೆಕ್ಕದ ಪುಸ್ತಕ ತೆರೆಯುವಾಗ ಮತ್ತೊಂದು. ವರ್ಷಕ್ಕೆ ಮೂರು ಸಲ ಹೊಸ ವರ್ಷ ಬಂದರೂ ಹಳೆಯ ಸಾಲ ಮಾತ್ರ ಹಾಗೆಯೇ ಇದೆ. ಈ ವರ್ಷ ಮುಂಗಡ ತೀರಿಸಿಯೇ ತೀರುತ್ತೇನೆಂದು ರೇಷ್ಮೆ ನೂಲು ಬಿಚ್ಚುವ ಕಾರ್ಮಿಕ ಹೇಳುತ್ತಾನೆ. ಬಡ್ಡಿಯವನ ಕಾಟ ಬಿಡಿಸಿಕೊಳ್ಳುತ್ತೇನೆಂದು ಮರಳವಾಡಿಯ ಅಂಗಡಿಯವನೂ ಹೇಳುತ್ತಾನೆ. ಹೇಳುವುದರಲ್ಲಿ ನಮ್ಮಲ್ಲಿ ಯಾರೂ ಹಿಂದೆ ಬಿದ್ದಿಲ್ಲ.

ದೂರ ಹೋಗಬೇಕಾಗಿಲ್ಲ, ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಕಡೆ ನೋಡೋಣ. ಸಾಲುಮರದ ತಿಮ್ಮಕ್ಕ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕೂಲಿ ಮಾಡಿ ಉಂಡವರು. ಅವರೂ ಪತಿ ಚಿಕ್ಕಯ್ಯನವರೂ ಮೊದಲ ವರ್ಷ ನೆಟ್ಟದ್ದು ಹತ್ತೇ ಹತ್ತು ಆಲದ ಸಸಿ. ಮರುವರ್ಷ ಹದಿನೈದು, ಅದರ ಮರುವರ್ಷ ಇಪ್ಪತ್ತು. ಕೊಡಗಳಲ್ಲಿ ನೀರು ಹೊತ್ತರು, ದನಕರು ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು. ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಸುಮಾರು ನಾಲ್ಕು ಕಿಲೋಮೀಟರ್ ದಾರಿಗೆ 385ರಷ್ಟು ಮರಗಳ ನೆರಳಾಯಿತು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2025ರ ನವೆಂಬರಿನಲ್ಲಿ ಅವರು ತೀರಿಕೊಂಡರು, ಮರಗಳು ನಿಂತಿವೆ.

ಹಾಗಾದರೆ ಯೋಜನೆಯೇ ಬೇಡವೇ ಎಂದು ಕೇಳಬಹುದು. ಬೇಕು. ಹತ್ತು ಸಸಿ ಎಂಬುದೂ ಒಂದು ಯೋಜನೆಯೇ. ಆದರೆ ಅದು ಹೊರಬಲ್ಲ ನೀರಿನ ಅಳತೆಗೆ ತಕ್ಕ ಯೋಜನೆ. ಮೊದಲ ವರ್ಷವೇ ಮುನ್ನೂರು ನೆಟ್ಟಿದ್ದರೆ ಬೇಸಿಗೆ ಬರುವ ಹೊತ್ತಿಗೆ ಉಳಿಯುತ್ತಿದ್ದುದು ಮುನ್ನೂರು ಒಣ ಕಡ್ಡಿ. ನಮ್ಮ ಸಂಕಲ್ಪಗಳೂ ಒಣಗುವುದು ಹೀಗೆಯೇ.

ಆದ್ದರಿಂದ ಕಾರ್ಮಿಕ ಬಂಧುಗಳೇ, ಈ ವಾರವೇ ಒಂದು ನೋಟ್‌ಪುಸ್ತಕ ಕೊಳ್ಳಿ. ಪಡೆದ ಮುಂಗಡ, ಹಿಡಿದ ಹಣ, ಉಳಿದ ಬಾಕಿಯನ್ನು ತಾರೀಖು ಹಾಕಿ ಬರೆಯಿರಿ. ಲೆಕ್ಕವಿಲ್ಲದ ಸಾಲ ಎಂದಿಗೂ ತೀರುವುದಿಲ್ಲ. ಸಂಬಳದಲ್ಲಿ ಹಿಡಿದ ಭವಿಷ್ಯನಿಧಿ ಖಾತೆಗೆ ಜಮೆಯಾಗಿದೆಯೇ ಎಂಬುದನ್ನು ಈಗ ಮೊಬೈಲಿನಲ್ಲೇ ನೋಡಬಹುದು, ನೋಡಿರಿ. ವರ್ತಕ ಮಿತ್ರರೇ, ಅಕ್ಕಪಕ್ಕದ ಹತ್ತು ಅಂಗಡಿಯವರು ಸೇರಿ ವಾರಕ್ಕಿಷ್ಟೆಂದು ಕೂಡಿಸಿ ಬ್ಯಾಂಕಿಗೆ ಕಟ್ಟಿರಿ. ಮುಂದಿನ ಸರಕಿಗೆ ಬಡ್ಡಿಯವನ ಬಾಗಿಲು ತಟ್ಟುವ ಮೊದಲು ಅದು ಒದಗೀತು. ತಿಂಗಳಿಗೊಮ್ಮೆ ಎಲ್ಲರೂ ಕುಳಿತು ಪುಸ್ತಕ ತೆರೆದು ಓದಿರಿ. ಒಬ್ಬನ ಉತ್ಸಾಹ ಕುಗ್ಗಿದರೆ ಉಳಿದ ಒಂಬತ್ತು ಜನ ಎಬ್ಬಿಸುತ್ತಾರೆ.

ನೆಡುವ ದಿನ ಎಲ್ಲರೂ ಇರುತ್ತಾರೆ. ಕೊಡ ಹೊರುವವರು ಬೇಕಾಗುವುದು ಮೂರನೆಯ ತಿಂಗಳಿನಲ್ಲಿ. ಒಳ್ಳೆಯ ಮುಹೂರ್ತಕ್ಕೆ ಕಾಯುವುದು ಬೇಡ. ಹತ್ತು ಸಸಿಗಳಷ್ಟು ಕೆಲಸವನ್ನು ಈ ಭಾನುವಾರವೇ ಹಿಡಿಯೋಣ.