ಬಹುಮಾನಕ್ಕಿಂತ ಮೊದಲು ಸಾಗಣೆ

ಯಾವುದೇ ವಿದ್ಯಾಸಂಸ್ಥೆಯ ಕಚೇರಿಯನ್ನು ಪ್ರವೇಶಿಸಿದವರ ಕಣ್ಣಿಗೆ ಮೊದಲು ಬೀಳುವುದು ಗಾಜಿನ ಕಪಾಟು. ಅದರಲ್ಲಿ ವಿದ್ಯಾರ್ಥಿಗಳು ಗೆದ್ದು ತಂದ ಕಪ್ಪುಗಳೂ ಢಾಲುಗಳೂ ಸಾಲಾಗಿ ನಿಂತಿರುತ್ತವೆ. ಪ್ರತಿಯೊಂದು ಢಾಲಿನ ಮೇಲೆ ಗೆದ್ದವರ ಹೆಸರು ಇರುತ್ತದೆ. ಅದನ್ನು ಕೊಡಿಸಿದ ದಾನಿಗಳ ಹೆಸರೂ ಇರುತ್ತದೆ. ಗೆದ್ದವನು ಸ್ಪರ್ಧೆಯ ಊರಿಗೆ ಹೇಗೆ ಹೋಗಿ ಮುಟ್ಟಿದನು, ಅವನ ಸಾಮಾನುಗಳನ್ನು ಕಾಯ್ದುಕೊಂಡು ಹೋದವರು ಯಾರು ಎಂಬುದು ಮಾತ್ರ ಎಲ್ಲಿಯೂ ಬರೆದಿರುವುದಿಲ್ಲ. ಓಟದಲ್ಲಿಯೋ ಕುಸ್ತಿಯಲ್ಲಿಯೋ ಈ ಮರೆವಿನಿಂದ ಅಂಥ ದೊಡ್ಡ ಹಾನಿಯಾಗಲಾರದು. ಸೈಕಲ್ ಸ್ಪರ್ಧೆಯಲ್ಲಿ ಹಾಗಲ್ಲ. ಅಲ್ಲಿ ಸಾಗಣೆಯನ್ನು ಮರೆತವರು ಸ್ಪರ್ಧೆಯನ್ನೇ ಮರೆತಂತೆ. ಆದುದರಿಂದ ಸೈಕಲ್ ಕ್ರೀಡೆಗೆ ನೆರವಾಗಬಯಸುವ ಸಂಸ್ಥೆಗಳೂ ದಾನಿಗಳೂ ಬಹುಮಾನದ ವಿಚಾರಕ್ಕಿಂತ ಮೊದಲು ಸಾಗಣೆಯ ವಿಚಾರವನ್ನು ಮಾಡತಕ್ಕದ್ದು ಅವಶ್ಯವಾಗಿದೆ.

ಓಟಗಾರನ ಸಾಧನವೆಂದರೆ ಅವನ ಕಾಲುಗಳು. ಅವು ಅವನೊಡನೆಯೇ ಪ್ರವಾಸ ಮಾಡುತ್ತವೆ. ಸೈಕಲ್ ಸ್ಪರ್ಧಾಳುವಿನ ಅರ್ಧ ಶಕ್ತಿ ಅವನ ಯಂತ್ರದಲ್ಲಿದೆ. ಸೀಟಿನ ಎತ್ತರ, ಹ್ಯಾಂಡಲಿನ ದೂರ, ಪೆಡಲಿನ ಮೇಲೆ ಪಾದವಿಡುವ ಜಾಗ ಇವೆಲ್ಲ ಅವನ ಮೈಕಟ್ಟಿಗೆ ಅನುಗುಣವಾಗಿ ಹೊಂದಿಸಲ್ಪಟ್ಟಿರುತ್ತವೆ. ಒಂದೆರಡು ಸೆಂಟಿಮೀಟರಿನ ವ್ಯತ್ಯಾಸವಾದರೂ ಮೊಣಕಾಲು ನೋಯತೊಡಗುತ್ತದೆ. ಹೀಗಾಗಿ ಹೋದ ಊರಿನಲ್ಲಿ ಯಾರದೋ ಸೈಕಲನ್ನು ಎರವಲು ಪಡೆದು ಸ್ಪರ್ಧಿಸುವಂತಿಲ್ಲ. ಇದರ ಮೇಲೆ ಸ್ಪರ್ಧೆಯ ಸೈಕಲ್ಲು ಹಾಲಿನ ಕ್ಯಾನು ಹೊರುವ ಸೈಕಲ್ಲಿನಂತೆ ಗಟ್ಟಿಮುಟ್ಟಾದ ವಸ್ತುವಲ್ಲ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದ ಪ್ರಕಾರ ಅದರ ತೂಕ 6.8 ಕಿಲೋಗ್ರಾಮಿಗಿಂತ ಕಡಿಮೆ ಇರಕೂಡದು. ಎಂದರೆ ಆ ಹಗುರತೆಯ ಅಂಚಿನವರೆಗೂ ತಯಾರಕರು ಹೋಗಿದ್ದಾರೆಂದೇ ಅರ್ಥ. ಇಷ್ಟು ಹಗುರವಾದ ವಸ್ತು ರಸ್ತೆಯ ಮೇಲೆ ಸವಾರನ ಭಾರವನ್ನು ತಾಳಿಕೊಳ್ಳುತ್ತದೆ. ಲಗೇಜ್ ಡಬ್ಬಿಯಲ್ಲಿ ತನ್ನ ಮೇಲೆ ಬಿದ್ದ ಕಬ್ಬಿಣದ ಪೆಟ್ಟಿಗೆಯ ಭಾರವನ್ನು ತಾಳಿಕೊಳ್ಳಲಾರದು.

ಈ ಸತ್ಯವನ್ನು ಸೈಕಲ್ ಕ್ರೀಡೆಯ ತವರಾದ ಫ್ರಾನ್ಸ್ ದೇಶವೂ ಕಷ್ಟಪಟ್ಟೇ ಕಲಿತುಕೊಂಡಿತು. 1903ರಲ್ಲಿ ಹೆನ್ರಿ ದೆಗ್ರಾಂಜ್ ಎಂಬ ಸಂಪಾದಕರು ತಮ್ಮ ಪತ್ರಿಕೆಯ ಪ್ರಚಾರಕ್ಕಾಗಿ ‘ಟೂರ್ ಡಿ ಫ್ರಾನ್ಸ್’ ಸ್ಪರ್ಧೆಯನ್ನು ಆರಂಭಿಸಿದರು. ಆರು ಹಂತಗಳು, ಒಟ್ಟು 2,428 ಕಿಲೋಮೀಟರುಗಳ ದಾರಿ. ಹೊರಟವರು 60 ಜನ. ಮುಟ್ಟಿದವರು 21 ಜನ. ಸವಾರನು ಒಬ್ಬಂಟಿಗನಾಗಿ ತನ್ನ ಬಲದಿಂದಲೇ ಗುರಿ ಮುಟ್ಟಬೇಕು, ಸೈಕಲ್ಲು ಕೆಟ್ಟರೆ ತಾನೇ ದುರಸ್ತಿ ಮಾಡಿಕೊಳ್ಳಬೇಕು ಎಂಬುದು ದೆಗ್ರಾಂಜರ ಆದರ್ಶವಾಗಿತ್ತು.

ಆ ಆದರ್ಶದ ಬೆಲೆ ಎಷ್ಟೆಂಬುದು 1913ರಲ್ಲಿ ತಿಳಿದುಬಂದಿತು. ಆ ವರ್ಷ ಯೂಜೀನ್ ಕ್ರಿಸ್ತೋಫ್ ಎಂಬ ಸವಾರನು ಪಿರನೀಸ್ ಪರ್ವತದ ತೂರ್ಮಲೆ ಘಾಟವನ್ನು ಇಳಿಯುತ್ತಿದ್ದಾಗ ಅವನ ಸೈಕಲ್ಲಿನ ಮುಂದಿನ ಫೋರ್ಕು ಮುರಿಯಿತು. ಅವನು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಹತ್ತಾರು ಕಿಲೋಮೀಟರು ನಡೆದು ಸೇಂತ್ ಮರಿ ದ ಕಂಪಾಂ ಎಂಬ ಹಳ್ಳಿಗೆ ಬಂದನು. ಅಲ್ಲಿಯ ಕಮ್ಮಾರನ ಕುಲುಮೆಯಲ್ಲಿ, ಅಧಿಕಾರಿಗಳು ಕಾವಲು ನಿಂತಿರಲು, ತಾನೇ ಕಬ್ಬಿಣವನ್ನು ಕಾಯಿಸಿ ಬಡಿದು ಫೋರ್ಕನ್ನು ಸರಿಪಡಿಸಿಕೊಂಡನು. ಗಂಟೆಗಟ್ಟಲೆ ಕಾಲ ಕಳೆಯಿತು. ಗೆಲುವಿನ ಆಸೆ ಹೋಯಿತು. ಇಷ್ಟಾದರೂ ಅವನಿಗೆ ದಂಡ ತಪ್ಪಲಿಲ್ಲ. ಕುಲುಮೆಯ ತಿದಿಯನ್ನು ಒಬ್ಬ ಹುಡುಗನು ಒತ್ತಿದನೆಂಬ ಕಾರಣಕ್ಕಾಗಿ ಅವನ ಸಮಯಕ್ಕೆ ಹತ್ತು ನಿಮಿಷಗಳನ್ನು ಕೂಡಿಸಲಾಯಿತು. ಮುಂದೆ ಅದನ್ನು ಮೂರಕ್ಕೆ ಇಳಿಸಿದರು.

ಈ ಕಥೆಯನ್ನು ಸವಾರನ ಛಲಕ್ಕೆ ದೃಷ್ಟಾಂತವಾಗಿ ಹೇಳುವುದು ವಾಡಿಕೆ. ಅದು ಛಲಕ್ಕೆ ದೃಷ್ಟಾಂತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ವ್ಯವಸ್ಥೆಯ ಅಭಾವಕ್ಕೂ ಅಷ್ಟೇ ಸ್ಪಷ್ಟವಾದ ದೃಷ್ಟಾಂತವಾಗಿದೆ. ಅಂದು ಸೋತದ್ದು ಕ್ರಿಸ್ತೋಫನ ಕಾಲುಗಳಲ್ಲ; ಒಂದು ಕಬ್ಬಿಣದ ಕೊಳವೆ. ಕ್ರೀಡೆಯು ಅಳೆಯಬೇಕಾದದ್ದು ಕಾಲುಗಳ ಬಲವನ್ನೋ ಕೊಳವೆಯ ಅದೃಷ್ಟವನ್ನೋ ಎಂಬ ಪ್ರಶ್ನೆ ಅಂದಿನಿಂದ ಉಳಿದುಕೊಂಡಿತು.

ಉತ್ತರವು ನಿಧಾನವಾಗಿ ಬಂದಿತು. 1930ರಲ್ಲಿ ಸ್ವತಃ ದೆಗ್ರಾಂಜರೇ ರಾಷ್ಟ್ರೀಯ ತಂಡಗಳನ್ನು ಏರ್ಪಡಿಸಿ, ಸವಾರರೆಲ್ಲರಿಗೂ ಒಂದೇ ಬಗೆಯ ಹಳದಿ ಸೈಕಲ್ಲುಗಳನ್ನು ಒದಗಿಸಿದರು. ಅವರ ಊಟ, ವಸತಿ, ಸಾಗಣೆಗಳ ವೆಚ್ಚವನ್ನು ಸಂಘಟಕರೇ ವಹಿಸಿಕೊಂಡರು. ಆ ವೆಚ್ಚವನ್ನು ಹೊಂದಿಸುವ ಸಲುವಾಗಿಯೇ ಸ್ಪರ್ಧೆಯ ಮುಂದೆ ಜಾಹೀರಾತು ವಾಹನಗಳ ಮೆರವಣಿಗೆ ಪ್ರಾರಂಭವಾಯಿತು. ಆದರೂ ದಾರಿಯಲ್ಲಿ ಕೆಟ್ಟ ಸೈಕಲ್ಲಿಗೆ ಆ ಕ್ಷಣದಲ್ಲಿಯೇ ನೆರವು ದೊರೆಯುವುದು ದುರ್ಲಭವಾಗಿತ್ತು. 1934ರಲ್ಲಿ ಇಪ್ಪತ್ತು ವರ್ಷದ ರೆನೆ ವಿಯೆತ್ತೊ ತನ್ನ ತಂಡದ ನಾಯಕ ಆಂತೊನಿನ್ ಮಾಞನಿಗೆ ತನ್ನ ಗಾಲಿಯನ್ನು ಬಿಚ್ಚಿಕೊಟ್ಟು, ಬೇರೆ ಗಾಲಿ ಬರುವವರೆಗೆ ರಸ್ತೆಯ ಬದಿಯ ಗೋಡೆಯ ಮೇಲೆ ಕುಳಿತು ಅತ್ತನು. ಮಾಞನು ಆ ವರ್ಷ ಗೆದ್ದನು. ತ್ಯಾಗ ದೊಡ್ಡದೇ; ಆದರೆ ಬಳಿಯಲ್ಲಿ ಒಂದು ಬದಲಿ ಗಾಲಿ ಇದ್ದಿದ್ದರೆ ಆ ತ್ಯಾಗವೇ ಬೇಕಾಗುತ್ತಿರಲಿಲ್ಲ. 1970ರ ದಶಕದ ಆರಂಭದಿಂದ ಮಾವಿಕ್ ಸಂಸ್ಥೆಯ ಹಳದಿ ವಾಹನಗಳು ಯಾವ ತಂಡವೆಂಬ ಭೇದವಿಲ್ಲದೆ ಎಲ್ಲ ಸವಾರರಿಗೂ ಗಾಲಿ, ಸೈಕಲ್ಲುಗಳನ್ನು ಕೊಡಲಾರಂಭಿಸಿದವು. 2025ರ ಟೂರ್‌ನಲ್ಲಿ 23 ತಂಡಗಳ 184 ಸವಾರರು ಹೊರಟರು. ಪ್ರತಿಯೊಂದು ತಂಡದ ಬೆನ್ನಿಗೂ ಬದಲಿ ಸೈಕಲ್ಲುಗಳನ್ನು ಹೊತ್ತ ಕಾರುಗಳು, ಮೆಕ್ಯಾನಿಕ್ಕರು, ಸಾಮಾನಿನ ಲಾರಿಗಳು ಇದ್ದವು. ಇಟಲಿಯ ‘ಜೀರೊ’ ಸ್ಪರ್ಧೆಯಂತೂ 2018ರಲ್ಲಿ ಜೆರುಸಲೇಮಿನಲ್ಲಿ ಆರಂಭವಾಗಿ, ಮೂರು ದಿನಗಳ ತರುವಾಯ ಸಮುದ್ರವನ್ನು ದಾಟಿ ಸಿಸಿಲಿ ದ್ವೀಪದಲ್ಲಿ ಮುಂದುವರಿಯಿತು. ಹೀಗೆ ಒಂದು ಕಾಲಕ್ಕೆ ದೌರ್ಬಲ್ಯವೆಂದು ದಂಡ ವಿಧಿಸಲ್ಪಟ್ಟ ನೆರವು, ಇಂದು ನ್ಯಾಯದ ಅಂಗವೆಂದು ಮನ್ನಣೆ ಪಡೆದಿದೆ.

ಈ ಪಾಠವನ್ನು ಕರ್ನಾಟಕಕ್ಕೆ ಅನ್ವಯಿಸಿ ನೋಡಬೇಕು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಸೈಕಲ್ ಸವಾರರ ತವರೆಂದು ಹೆಸರಾಗಿವೆ. ಇಲ್ಲಿಯ ರೈತ ಕುಟುಂಬಗಳ ಹುಡುಗರೂ ಹುಡುಗಿಯರೂ ರಾಷ್ಟ್ರಮಟ್ಟದ ಪದಕಗಳನ್ನು ತಂದಿದ್ದಾರೆ. ಸರಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ವಿತರಣೆಯನ್ನು ಆರಂಭಿಸಿದ ಮೇಲೆ ಹಳ್ಳಿಯ ಮಕ್ಕಳು ಸೈಕಲ್ ಹತ್ತಿ ಶಾಲೆಗೆ ಬರುವ ದೃಶ್ಯ ಸರ್ವಸಾಮಾನ್ಯವಾಯಿತು. ಅಂಥ ಮಕ್ಕಳಲ್ಲಿ ಯಾರ ಕಾಲಿನಲ್ಲಿ ವಿಶೇಷ ಬಲವಿದೆಯೆಂಬುದು ಶಾಲೆಯ ಗೇಟಿನಲ್ಲಿ ನಿಂತ ದೈಹಿಕ ಶಿಕ್ಷಕರಿಗೆ ಬೇಗನೆ ಗೊತ್ತಾಗುತ್ತದೆ. ಪ್ರತಿಭೆಯನ್ನು ಗುರುತಿಸುವವರೆಗೆ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ತೊಡಕು ಬರುವುದು ಆ ಪ್ರತಿಭೆಯನ್ನು ಪರಸ್ಥಳಕ್ಕೆ ಒಯ್ಯುವಾಗ.

ಸ್ಪರ್ಧೆಗಳು ದೆಹಲಿಯಲ್ಲಿಯೋ ಪಟಿಯಾಲದಲ್ಲಿಯೋ ತಿರುವನಂತಪುರದಲ್ಲಿಯೋ ಇರುತ್ತವೆ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕಾಗಿ ದೆಹಲಿಯಲ್ಲಿ ಕಟ್ಟಿದ ಮರದ ಹಾದಿಯ ವೆಲೊಡ್ರೋಮಿಗೆ ವಿಜಯಪುರದಿಂದ ಒಂದೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚಿನ ದಾರಿಯಿದೆ. ಬಡ ಸವಾರನ ಪಾಲಿಗೆ ಉಳಿಯುವ ಸಾಧನವೆಂದರೆ ರೈಲು. ಪ್ರಯಾಣಿಕನೊಡನೆ ಲಗೇಜೆಂದು ನೋಂದಾಯಿಸಿದ ಸೈಕಲ್ಲು ಅದೇ ಗಾಡಿಯ ಬ್ರೇಕ್ ವ್ಯಾನಿನಲ್ಲಿ ಹೋಗುತ್ತದೆ. ಪಾರ್ಸಲೆಂದು ಒಪ್ಪಿಸಿದ್ದು ಬೇರೆ ಗಾಡಿಯಲ್ಲಿಯೂ ಹೋಗಬಹುದು. ನಡುವಿನ ನಿಲ್ದಾಣಗಳಲ್ಲಿ ಗಾಡಿ ನಿಲ್ಲುವುದು ಕೆಲವೇ ನಿಮಿಷ. ಆ ಅವಸರದಲ್ಲಿ ಮೂಟೆಗಳ ನಡುವೆ ಎತ್ತಿ ಎಸೆಯಲ್ಪಟ್ಟ ಸೈಕಲ್ಲಿನ ಗಾಲಿ ಬೆಂಡಾಗುತ್ತದೆ. ಹಿಂದಿನ ಡಿರೇಲರನ್ನು ಹಿಡಿದ ಹ್ಯಾಂಗರ್ ಎಂಬ ಸಣ್ಣ ತುಂಡು ಮಣಿಯುತ್ತದೆ. ಅದು ಕಣ್ಣಿಗೆ ಕಾಣದಷ್ಟು ಮಣಿದರೂ ಏರಿನಲ್ಲಿ ಗೇರು ತಾನಾಗಿ ಜಾರುತ್ತದೆ. 1989ರ ಟೂರ್‌ನಲ್ಲಿ ಮೂರು ಸಾವಿರ ಕಿಲೋಮೀಟರಿಗೂ ಮೀರಿದ ದಾರಿಯ ಕೊನೆಗೆ ಗ್ರೆಗ್ ಲೆಮಾಂಡ್ ಗೆದ್ದದ್ದು ಎಂಟೇ ಸೆಕೆಂಡುಗಳ ಅಂತರದಿಂದ. ಇಂಥ ಕ್ರೀಡೆಯಲ್ಲಿ ಒಮ್ಮೆ ಗೇರು ಜಾರಿದರೆ ವರ್ಷದ ತಾಲೀಮು ವ್ಯರ್ಥವಾದಂತೆಯೇ ಸರಿ.

ಇದಕ್ಕೆ ಪರಿಹಾರವು ದುರ್ಲಭವಾದದ್ದಲ್ಲ. ಪ್ರತಿ ಸೈಕಲ್ಲಿಗೂ ಒಂದು ಗಟ್ಟಿಯಾದ ಪೆಟ್ಟಿಗೆ ಬೇಕು. ಅದಿಲ್ಲವಾದರೆ ಸೈಕಲ್ ಅಂಗಡಿಯವರು ಹೊಸ ಸೈಕಲ್ಲನ್ನು ಬಿಚ್ಚಿದ ಮೇಲೆ ಎಸೆಯುವ ರಟ್ಟಿನ ಡಬ್ಬಿಯಾದರೂ ಆದೀತು. ಗಾಲಿಗಳನ್ನು ಬಿಚ್ಚಿ, ಫೋರ್ಕಿನ ಎರಡು ತುದಿಗಳ ನಡುವೆ ಮರದ ತುಂಡನ್ನು ಸಿಕ್ಕಿಸಬೇಕು. ಇಲ್ಲವಾದರೆ ಮೇಲಿನ ಭಾರಕ್ಕೆ ಅವು ಒಳಕ್ಕೆ ಬಾಗುತ್ತವೆ. ಡಿರೇಲರನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಫ್ರೇಮಿನ ಒಳಬದಿಗೆ ಕಟ್ಟಬೇಕು. ಪೆಡಲುಗಳನ್ನು ತೆಗೆಯುವಾಗ ಎಡಗಡೆಯ ಪೆಡಲಿನ ತಿರುಪು ವಿರುದ್ಧ ದಿಕ್ಕಿನದೆಂಬುದನ್ನು ಮರೆಯಬಾರದು. ಸೀಟಿನ ಕೊಳವೆಗೆ ಅಂಟುಪಟ್ಟಿಯಿಂದ ಗುರುತು ಮಾಡಿಕೊಂಡರೆ ಮರಳಿ ಜೋಡಿಸುವಾಗ ಎತ್ತರ ತಪ್ಪುವುದಿಲ್ಲ. ಟೆಂಪೊದಲ್ಲಿ ಒಯ್ಯುವುದಾದರೆ ಸೈಕಲ್ಲುಗಳನ್ನು ಒಂದರ ಮುಖ ಹಿಂದಕ್ಕೂ ಮತ್ತೊಂದರ ಮುಖ ಮುಂದಕ್ಕೂ ಇರುವಂತೆ ನೆಟ್ಟಗೆ ನಿಲ್ಲಿಸಿ, ನಡುವೆ ಹಳೆಯ ಕೌದಿಗಳನ್ನು ಇಟ್ಟು ಕಟ್ಟಬೇಕು. ಒಂದರ ಮೇಲೊಂದು ಒಟ್ಟಬಾರದು. ಪ್ರತಿ ಸೈಕಲ್ಲಿನ ನಂಬರು, ಸವಾರನ ಹೆಸರು, ಸೀಟಿನ ಎತ್ತರ ಇವನ್ನೆಲ್ಲ ಒಂದು ರಿಜಿಸ್ಟರಿನಲ್ಲಿ ಬರೆದಿಡತಕ್ಕದ್ದು. ತಂಡವು ಸ್ಪರ್ಧೆಗೆ ಎರಡು ದಿನ ಮೊದಲೇ ಮುಟ್ಟುವಂತಿರಬೇಕು. ಬೆಂಡು ತೆಗೆಯುವುದಕ್ಕೂ ಗೇರು ಹೊಂದಿಸುವುದಕ್ಕೂ ಪರಸ್ಥಳದಲ್ಲಿ ಅಷ್ಟು ಸಮಯ ಬೇಕೇಬೇಕು.

ಸಂಸ್ಥೆಯೇ ಸ್ಪರ್ಧೆಯನ್ನು ಏರ್ಪಡಿಸುವಾಗ ಹೊಣೆ ಇಮ್ಮಡಿಯಾಗುತ್ತದೆ. 1891ರಲ್ಲಿ ಆರಂಭವಾದ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಎಂಬ ದೂರದ ಸವಾರಿ ಇಂದಿಗೂ ನಾಲ್ಕು ವರ್ಷಗಳಿಗೊಮ್ಮೆ ನಡೆಯುತ್ತಿದೆ. ಸುಮಾರು 1,200 ಕಿಲೋಮೀಟರುಗಳನ್ನು ಹೆಚ್ಚೆಂದರೆ 90 ಗಂಟೆಗಳಲ್ಲಿ ಮುಗಿಸಬೇಕು. ನೆರವಿನ ವಾಹನಗಳು ಸವಾರನನ್ನು ತಪಾಸಣೆಯ ಠಾಣ್ಯಗಳಲ್ಲಿ ಮಾತ್ರ ಕಾಣಬಹುದು. ಆ ಠಾಣ್ಯಗಳಲ್ಲಿ ಊಟ, ವಿಶ್ರಾಂತಿ, ದುರಸ್ತಿಗಳ ಏರ್ಪಾಡಿರುತ್ತದೆ. ಶಾಲೆಯ ವಾರ್ಷಿಕೋತ್ಸವದ ಮೂವತ್ತು ಕಿಲೋಮೀಟರಿನ ಸ್ಪರ್ಧೆಗೂ ಇದೇ ಸೂತ್ರ ಸಾಕು: ಎಲ್ಲಿ ನೀರು, ಎಲ್ಲಿ ದುರಸ್ತಿ, ಎಲ್ಲಿ ವೈದ್ಯರು ಎಂಬುದು ಮೊದಲೇ ನಿಶ್ಚಯವಾಗಿರಬೇಕು. ಸ್ಥಳೀಯ ಪರಿಸ್ಥಿತಿಯನ್ನೂ ಗಮನಿಸಬೇಕು. ಕಬ್ಬು ಕಡಿಯುವ ಕಾಲದಲ್ಲಿ ಎರಡೆರಡು ಟ್ರೇಲರು ಎಳೆಯುವ ಟ್ರ್ಯಾಕ್ಟರುಗಳು ರಸ್ತೆಯನ್ನೆಲ್ಲ ಆಕ್ರಮಿಸುತ್ತವೆ. ಕಾರ್ಖಾನೆಯ ದಾರಿಯನ್ನು ಅಂದು ಬಿಡುವುದೇ ಲೇಸು. ದಾರಿಯಲ್ಲಿ ರೈಲ್ವೆ ಗೇಟು ಇದ್ದರೆ ಗಾಡಿಯ ವೇಳೆಯನ್ನು ನೋಡಿಕೊಳ್ಳಬೇಕು. ಮೈಸೂರು ಕಡೆಯಿಂದ ನೀಲಗಿರಿಗೆ ಸವಾರಿ ಏರ್ಪಡಿಸುವವರು, ಬಂಡೀಪುರದ ಹೆದ್ದಾರಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಮುಚ್ಚಿರುತ್ತದೆಂಬುದನ್ನು ತಿಳಿದೇ ಸಾಮಾನಿನ ವಾಹನಗಳ ಹೊರಡುವ ವೇಳೆಯನ್ನು ಗೊತ್ತುಮಾಡಬೇಕಾಗುತ್ತದೆ. ಎಲ್ಲರಿಗಿಂತ ಹಿಂದೆ ಒಂದು ವಾಹನ ಬರುತ್ತಿರಬೇಕು. ಬಳಲಿದ ಕೊನೆಯ ಹುಡುಗನನ್ನೂ ಅವನ ಸೈಕಲ್ಲನ್ನೂ ಅದು ಹತ್ತಿಸಿಕೊಂಡು ಬರಬೇಕು. ಬಹುಮಾನ ವಿತರಣೆ ಮುಗಿದು ಅತಿಥಿಗಳು ಹೊರಟುಹೋದ ಮೇಲೆ ದೂರದ ಹಳ್ಳಿಗಳ ಮಕ್ಕಳು ಸೈಕಲ್ಲುಗಳೊಡನೆ ಮನೆ ಮುಟ್ಟುವ ಏರ್ಪಾಡನ್ನೂ ಮಾಡಿದಾಗಲೇ ಸಂಘಟನೆ ಪೂರ್ಣವಾಯಿತೆನ್ನಬೇಕು.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಕಷ್ಟಪಟ್ಟು ಬೆಳೆದವನೇ ಗಟ್ಟಿಗನಾಗುತ್ತಾನೆ, ಅನುಕೂಲತೆಗಳು ಮಕ್ಕಳನ್ನು ಮೆತ್ತಗೆ ಮಾಡುತ್ತವೆ ಎಂಬುದು ಮೊದಲನೆಯದು. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಕಷ್ಟವು ರಸ್ತೆಯ ಮೇಲಿರಬೇಕು, ಲಗೇಜ್ ಡಬ್ಬಿಯಲ್ಲಲ್ಲ. ಏರನ್ನು ಹತ್ತಿದ ಕಷ್ಟ ಸವಾರನನ್ನು ಬೆಳೆಸುತ್ತದೆ. ಮುರಿದ ಸೈಕಲ್ಲಿನ ಮುಂದೆ ಕುಳಿತ ಕಷ್ಟ ಅವನನ್ನು ಕ್ರೀಡೆಯಿಂದಲೇ ಓಡಿಸುತ್ತದೆ. ಅಷ್ಟೇ ಅಲ್ಲ, ಶ್ರೀಮಂತನ ಮಗನ ಸೈಕಲ್ಲು ಪೆಟ್ಟಿಗೆಯಲ್ಲಿ ಸುರಕ್ಷಿತವಾಗಿ ಬರುವಾಗ ಈ ಕಷ್ಟವು ಬಡವನ ಪಾಲಿಗೆ ಮಾತ್ರ ಉಳಿಯುತ್ತದೆ. ಹಣದ ಅಭಾವವೆಂಬುದು ಎರಡನೆಯ ಆಕ್ಷೇಪ. ಢಾಲು ಒಬ್ಬನಿಗೆ ಒಮ್ಮೆ ಸಲ್ಲುತ್ತದೆ; ಸೈಕಲ್ಲಿನ ಪೆಟ್ಟಿಗೆ ಮುಂದಿನ ಎಷ್ಟೋ ತಂಡಗಳಿಗೆ ಸಲ್ಲುತ್ತದೆ. ಸ್ವಂತ ವಾಹನವುಳ್ಳ ಹಳೆಯ ವಿದ್ಯಾರ್ಥಿಯು ವರ್ಷಕ್ಕೆ ಎರಡು ಬಾರಿ ತನ್ನ ಟೆಂಪೊವನ್ನು ಕಳಿಸಿಕೊಟ್ಟರೆ ಅದು ಯಾವ ಬೆಳ್ಳಿಯ ಕಪ್ಪಿಗೂ ಕಡಿಮೆಯಾದ ದಾನವಲ್ಲ. ಪಾನಾ, ಪಂಪು, ಬದಲಿ ಗಾಲಿಗಳ ಒಂದು ಪೆಟ್ಟಿಗೆ, ಮೆಕ್ಯಾನಿಕ್ಕನ ರೈಲಿನ ವೆಚ್ಚ ಇವು ಚಿಕ್ಕ ಮೊತ್ತಗಳು. ಆದರೆ ಇವನ್ನು ಕೊಟ್ಟವರ ಹೆಸರನ್ನು ಕೆತ್ತಿಸಲು ಜಾಗವಿಲ್ಲ. ಬಹುಶಃ ಆ ಕಾರಣದಿಂದಲೇ ಕೊಡುವವರು ವಿರಳರಾಗಿದ್ದಾರೆ.

ಜಾತ್ರೆಯಲ್ಲಿ ತೇರಿನ ಹಗ್ಗ ಹಿಡಿಯಲು ಸಾವಿರ ಜನ ಮುಂದೆ ಬರುತ್ತಾರೆ. ಗಾಲಿಯ ಪಕ್ಕದಲ್ಲಿ ಬಾಗಿ ನಡೆಯುತ್ತ ಮರದ ತಡೆಯನ್ನು ಕೊಡುವವರು ನಾಲ್ಕೈದು ಜನ ಮಾತ್ರ. ತೇರು ದಾರಿ ತಪ್ಪದಿರುವುದು ಅವರಿಂದ. ಸೈಕಲ್ ಕ್ರೀಡೆಯಲ್ಲಿ ಪೆಟ್ಟಿಗೆ ಕಟ್ಟುವವನು, ವಾಹನ ನಡೆಸುವವನು, ಪಾನಾ ಹಿಡಿದು ರಾತ್ರಿಯೆಲ್ಲ ಎಚ್ಚರವಿರುವ ಮೆಕ್ಯಾನಿಕ್ಕ ಇವರೆಲ್ಲ ಅಂಥವರೇ. ಮುಂದಿನ ವರ್ಷದ ಕ್ರೀಡಾ ವರದಿಯಲ್ಲಿ ಗೆದ್ದವರ ಹೆಸರಿನ ಕೆಳಗೆ ಇವರ ಹೆಸರುಗಳೂ ಅಚ್ಚಾಗಲಿ. ದಾನಿಗಳ ಪಟ್ಟಿಯಲ್ಲಿ ಸಾಗಣೆಗೆಂದು ಒಂದು ಅಂಕಣ ತೆರೆಯಲಿ. ಹಾಗಾದಲ್ಲಿ ಹಳ್ಳಿಯ ಹುಡುಗನು ದೆಹಲಿಯಲ್ಲಿ ಪೆಟ್ಟಿಗೆ ತೆರೆದಾಗ ಅವನ ಸೈಕಲ್ಲು ಊರಲ್ಲಿ ಕಟ್ಟಿದ ಹಾಗೆಯೇ ಇರುತ್ತದೆ. ಅಲ್ಲಿಂದ ಮುಂದಿನದನ್ನು ಅವನ ಕಾಲುಗಳು ನೋಡಿಕೊಳ್ಳುತ್ತವೆ.