ಪ್ರಯಾಣಿಕರ ಆರೋಗ್ಯ ಸಲಹೆಯಲ್ಲಿ ಔಷಧಿ ಅಂಗಡಿಗಳ ಫಾರ್ಮಸಿಸ್ಟ್‌ಗಳನ್ನು ತೊಡಗಿಸಿಕೊಳ್ಳಲು ಕೋರಿ ಮನವಿ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಕೋಲಾರ ಜಿಲ್ಲೆ, ಕೋಲಾರ.

ಇಂದ,
ಕೆಜಿಎಫ್ ಮತ್ತು ಬಂಗಾರಪೇಟೆ ತಾಲ್ಲೂಕುಗಳ ಔಷಧಿ ಅಂಗಡಿಗಳ ನೋಂದಾಯಿತ ಫಾರ್ಮಸಿಸ್ಟ್‌ಗಳು.

ಮಾನ್ಯರೇ,

2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ನಮ್ಮೂರಿನ ದುಡಿಮೆ ರೈಲು ಹತ್ತಿತು. ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ನಸುಕಿಗೇ ಹತ್ತಿದವರು ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತಾರೆ. ಆಗಸ್ಟ್ ಕೊನೆಗೆ ವೇಲಾಂಕಣಿ, ನವೆಂಬರಿನಿಂದ ಶಬರಿಮಲೆ, ಜೊತೆಗೆ ಹಜ್ ಯಾತ್ರೆ, ಗಲ್ಫ್ ಕೆಲಸ. ಹೊರಡುವ ಮುನ್ನ ಇವರಲ್ಲಿ ಬಹಳ ಮಂದಿ ಬರುವುದು ನಮ್ಮ ಅಂಗಡಿಗೆ, ಅದೂ ಬಾಗಿಲು ಹಾಕುವ ಹೊತ್ತಿಗೆ: "ಸಾರ್, ಬೆಳಗ್ಗೆ ಟ್ರೈನು, ಜ್ವರಕ್ಕೆ, ಭೇದಿಗೆ ಎರಡೆರಡು ಮಾತ್ರೆ ಕೊಡಿ."

ಗಣಿಯಲ್ಲಿ ದುಡಿದು ಸಿಲಿಕೋಸಿಸ್ ಹಚ್ಚಿಕೊಂಡ ಹಿರಿಯರೊಬ್ಬರು ಮಾಲೆ ಹಾಕಿ ಬಾಮಿಗೆಂದು ಬಂದರು. ಜೇಬಿನಲ್ಲಿದ್ದ ಇನ್‌ಹೇಲರ್ ತೋರಿಸಿ ಎಂದೆವು. ಅದರ ಎಣಿಕೆ ಸೊನ್ನೆಗೆ ಬಂದು ಎಷ್ಟು ದಿನವಾಗಿತ್ತೋ, ಅವರಿಗೇ ತಿಳಿದಿರಲಿಲ್ಲ. ಪಂಪೆಯಿಂದ ಬೆಟ್ಟ ಹತ್ತುವಾಗ ಅದು ಗೊತ್ತಾಗಬೇಕಿತ್ತೇ? ಒಂದು ಲೀಟರ್ ನೀರಿಗೆ ಕಲಸಬೇಕಾದ ಓಆರ್‌ಎಸ್ ಪೊಟ್ಟಣವನ್ನು ಅರ್ಧ ಲೀಟರ್ ಬಾಟಲಿಗೆ ಸುರಿದು ಮಗುವಿಗೆ ಕುಡಿಸುವ ತಾಯಂದಿರಿದ್ದಾರೆ. ಇನ್ಸುಲಿನ್ ಅನ್ನು ಐಸ್ ಗಡ್ಡೆಗೆ ತಾಗಿಸಿಟ್ಟು ಕೆಡಿಸಿಕೊಂಡವರಿದ್ದಾರೆ. ಎರಡು ನಿಮಿಷದ ಮಾತಿನಲ್ಲಿ ತಪ್ಪುವ ಅನಾಹುತಗಳಿವು.

ಭಾರತೀಯ ಫಾರ್ಮಸಿ ಪರಿಷತ್ತಿನ 2015ರ ವೃತ್ತಿ ನಿಯಮಾವಳಿ ರೋಗಿಗೆ ತಿಳಿವಳಿಕೆ ನೀಡುವುದನ್ನು ನಮ್ಮ ಕರ್ತವ್ಯವೆಂದೇ ಹೇಳುತ್ತದೆ. ವೈದ್ಯರ ಜಾಗ ನಮಗೆ ಬೇಡ. ಚೀಟಿಯಿಲ್ಲದೆ ಆಂಟಿಬಯೋಟಿಕ್ ಮಾರುವುದು ತಪ್ಪು, ನಮ್ಮವರೇ ಮಾರಿದರೂ ತಪ್ಪು. ನೋಂದಾಯಿತ ಫಾರ್ಮಸಿಸ್ಟ್ ಅಂಗಡಿಯಲ್ಲಿ ಖುದ್ದಾಗಿ ಇದ್ದಾರೆಯೇ ಎಂದು ತಪಾಸಣೆ ನಡೆಸಿದರೆ ಸ್ವಾಗತಿಸುತ್ತೇವೆ.

ನಮ್ಮ ಮುಖ್ಯ ಬೇಡಿಕೆ ಇದು: ಹೊರರಾಜ್ಯದಿಂದ ಮರಳಿ ಜ್ವರವೆಂದು ಬಂದವರಿಗೆ ನಾವು ಬರೆದುಕೊಡುವ ಶಿಫಾರಸು ಚೀಟಿಯನ್ನು ಸರ್ಕಾರಿ ಆಸ್ಪತ್ರೆಗಳು ಮಾನ್ಯ ಮಾಡಿ, ಅದೇ ದಿನ ಮಲೇರಿಯಾ, ಡೆಂಗಿ ರಕ್ತಪರೀಕ್ಷೆ ಮಾಡಿಸಬೇಕು. "ಎಲ್ಲಿಗೆ ಹೋಗಿದ್ದಿರಿ" ಎಂದು ಮೊದಲು ಕೇಳುವವರು ಎಷ್ಟೋ ಸಲ ನಾವೇ. ಈಗ ಆ ಉತ್ತರ ನಮ್ಮ ಕೌಂಟರಿನಲ್ಲೇ ಉಳಿಯುತ್ತದೆ. ಡೆಂಗಿ ಇರಬಹುದಾದವರು ಆಸ್ಪಿರಿನ್, ಐಬುಪ್ರೊಫೆನ್ ನುಂಗಿದರೆ ರಕ್ತಸ್ರಾವದ ಅಪಾಯವಿದೆ. ಹಾಗಾಗಿ ವಿಳಂಬ ಸಲ್ಲದು.

ಯಾತ್ರೆಯ ಕಾಲಕ್ಕೆ ಮುನ್ನ ಆರೋಗ್ಯ ಇಲಾಖೆಯು ಕೆಜಿಎಫ್‌ನಲ್ಲೇ ಒಂದು ದಿನ, ಬಂಗಾರಪೇಟೆಯಲ್ಲಿ ಒಂದು ದಿನ ನಮಗೆ ತರಬೇತಿ ಕೊಡಲಿ. ಕನ್ನಡ, ತಮಿಳು, ತೆಲುಗು, ಉರ್ದುವಿನಲ್ಲಿ ಒಂದು ಪುಟದ ಸಲಹಾ ಪತ್ರ ಅಚ್ಚು ಹಾಕಿಸಿದರೆ ಹಂಚುವ ಹೊಣೆ ನಮ್ಮದು. ಈ ಊರಿಗೆ ಒಂದೇ ಭಾಷೆ ಸಾಲದು. ವಿದೇಶಕ್ಕೆ ಹೊರಟವರಿಗಾಗಿ ಲಸಿಕಾ ಕೇಂದ್ರಗಳ ಪಟ್ಟಿಯನ್ನೂ ಕೊಡಿಸಬೇಕು. ಆಫ್ರಿಕಾದ ಹಲವು ದೇಶಗಳಿಗೆ ಬೇಕಾದ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಚುಚ್ಚಿಸಿಕೊಂಡ 10 ದಿನಗಳ ಮೇಲಷ್ಟೇ ಊರ್ಜಿತ. ಟಿಕೆಟ್ ಕೈಗೆ ಬಂದ ಮೇಲೆ ವಿಚಾರಿಸಿದರೆ ಏನು ಪ್ರಯೋಜನ? ಟ್ರಮಡಾಲ್, ಕೊಡೀನ್ ಇರುವ ಔಷಧಿಗಳಿಗೆ ಗಲ್ಫ್‌ನಲ್ಲಿ ಕಟ್ಟುನಿಟ್ಟಿನ ನಿರ್ಬಂಧವಿರುವುದೂ ಆ ಪುಟದಲ್ಲಿರಲಿ.

ವೇಲಾಂಕಣಿ ಹಬ್ಬದ ಧ್ವಜಾರೋಹಣ ಆಗಸ್ಟ್ 29ಕ್ಕೆ. ಅದಕ್ಕೆ ಒಂದು ತಿಂಗಳು ಮುಂಚೆಯಾದರೂ ಆರೋಗ್ಯಾಧಿಕಾರಿಗಳೊಂದಿಗೆ ನಮ್ಮ ಸಭೆ ಕರೆದು ಆದೇಶ ಹೊರಡಿಸಬೇಕೆಂದು ವಿನಂತಿಸುತ್ತೇವೆ.


ತಮ್ಮ ವಿಶ್ವಾಸಿಗಳು,
ಕೆಜಿಎಫ್ ಮತ್ತು ಬಂಗಾರಪೇಟೆಯ ಫಾರ್ಮಸಿಸ್ಟ್‌ಗಳು